ಒಳಗೆ ಮಡಚಿಟ್ಟ ಮೂರು ವರ್ಷ

ಮಗ್ರಿಬ್ ಬಾಂಗಿಗೆ ಇನ್ನೂ ಅರ್ಧ ಗಂಟೆ.
ಶಾರ್ಜಾದಲ್ಲಿ, ರೋಲಾದ ಹಿಂದಿನ ಗಲ್ಲಿಯಲ್ಲಿ,
ಮೊಬೈಲ್ ರಿಪೇರಿಗೂ ಕರಕ್ ಚಾಯದ ಅಂಗಡಿಗೂ ನಡುವೆ
ನನ್ನ ಟೈಪಿಂಗ್ ಸೆಂಟರು: ಎರಡು ಕುರ್ಚಿ, ಒಂದು ಪ್ರಿಂಟರು,
ಏಸಿ ತೊಟ್ಟಿಕ್ಕುವ ಕಡೆ ಒಂದು ಬಕೆಟ್ಟು.

ಉಮರಬ್ಬ ಬಂದರು. ಕೊರಳಲ್ಲಿ ಅಳತೆ ಪಟ್ಟಿ ಹಾಗೇ ಇತ್ತು.
ತೆಗೆಯಲು ಮರೆತದ್ದೋ,
ಅದಿಲ್ಲದೆ ರಸ್ತೆಗಿಳಿದು ಗೊತ್ತೇ ಇಲ್ಲವೋ.
"ಮಗಳೇ, ವೀಸಾ ಮುಗೀತದೆ.
ಇನ್ಶೂರೆನ್ಸ್ ಇಲ್ಲದೆ ಆಗುದಿಲ್ಲಂತೆ.
ಸಣ್ಣದೊಂದು ನೋಡು, ನನ್ನ ಸೈಜಿಗೆ."

ಪಾಸ್‌ಪೋರ್ಟ್ ತೆರೆದೆ. ಹುಟ್ಟಿದ್ದು ಜೂನ್ ಒಂದು.
ನಮ್ಮ ಕಡೆ ಅರ್ಧ ಊರು ಹುಟ್ಟಿದ್ದೇ ಅಂದು,
ಶಾಲೆ ಬಾಗಿಲು ತೆರೆದ ದಿನ, ಹೆಡ್‌ಮಾಸ್ತರರ ಪೆನ್ನಿನಿಂದ.
ವರ್ಷ ಹೊಡೆದೆ. ಪರದೆ ಲೆಕ್ಕ ಹಾಕಿತು: ಅರವತ್ತೈದು.
ಸಾವಿರದ ನೂರು ದಿರ್ಹಮ್ ಇದ್ದದ್ದು
ಕಣ್ಣೆದುರೇ ಮೂರು ಸಾವಿರದ ಎಂಟುನೂರಾಯಿತು.
ಹೊಸ ಪುಟವೂ ತೆರೆದುಕೊಂಡಿತು:
ಹೃದಯ, ಮೂತ್ರಪಿಂಡ, ಸಕ್ಕರೆ, ಬಿದ್ದದ್ದುಂಟೆ, ಮರೆವುಂಟೆ,
ಮನೆತನದಲ್ಲಿ ಯಾರು ಯಾವುದರಿಂದ ಸತ್ತರು.

ಉಮರಬ್ಬ ನಕ್ಕರು. ನಗು ಮುಗಿದ ಮೇಲೂ ಬಾಯಿ ಮುಚ್ಚಲಿಲ್ಲ.
"ಅರವತ್ತೆರಡು ಮಗಳೇ, ಅಲ್ಲಾಹನಾಣೆ.
ಮಸೀದಿಯ ಬಾವಿ ತೋಡಿದ ವರ್ಷ ಹುಟ್ಟಿದವ ನಾನು.
ಬೊಂಬಾಯಿಯ ಏಜೆಂಟ್ ಹೇಳಿದ,
ಹದಿನೆಂಟಕ್ಕೆ ವೀಸಾ ಇಲ್ಲ, ಇಪ್ಪತ್ತೊಂದು ಬೇಕು.
ಮೂರು ವರ್ಷ ಕೂಡಿಸಿದ, ನೂರೈವತ್ತು ತಗೊಂಡ.
ವರ್ಷಕ್ಕೆ ಐವತ್ತು ರೂಪಾಯಿ. ಆಗ ಅಗ್ಗ ಅನ್ನಿಸಿತ್ತು.

ಮಕ್ಕಳ ಬಟ್ಟೆಗೆ ಒಳಗಡೆ ಸ್ವಲ್ಪ ಮಡಚಿ ಬಿಡ್ತೇವಲ್ಲ,
ಬೆಳೆದಾಗ ಬಿಚ್ಚಿಕೊಳ್ಳಲಿ ಅಂತ?
ಹಾಗೆ ಬಿಟ್ಟದ್ದು ಅಂದುಕೊಂಡಿದ್ದೆ.
ಈಗ ಬಿಚ್ಚುವ ಹೊತ್ತಿಗೆ ನೋಡು,
ಬಟ್ಟೆ ನನ್ನದಲ್ಲ, ಬಿಲ್ಲು ಮಾತ್ರ ನನ್ನದು."

"ಮೊದಲೇ ಇದ್ದ ಕಾಯಿಲೆ?" ಕೇಳಿದೆ.
"ಯಾವುದರ ಮೊದಲು?"
ಅದನ್ನು ಬರೆಯಲು ಫಾರಮಿನಲ್ಲಿ ಜಾಗವಿರಲಿಲ್ಲ.

ಎತ್ತರ. ತೂಕ. ಸೊಂಟದ ಸುತ್ತಳತೆ.
ನಲವತ್ತನಾಲ್ಕು ವರ್ಷ
ಪರರ ಎದೆ, ಹೆಗಲು, ತೋಳುಗಳನ್ನು ನೋಟುಬುಕ್ಕಿಗಿಳಿಸಿದವರು
ತನ್ನದು ಗೊತ್ತಿಲ್ಲವೆಂದು ಎದ್ದು ನಿಂತರು,
ಪಟ್ಟಿ ಸುತ್ತಿಕೊಂಡು, ನೀನೇ ಓದು ಅಂದರು.
"ಆ ಸಣ್ಣ ಗೆರೆ ಕಾಣುದಿಲ್ಲ ಈಗ.
ಬೆರಳಿಗೆ ಗೊತ್ತಾಗ್ತದೆ. ಬೇರೆಯವರದ್ದಾದರೆ."
ಮೂವತ್ತೆಂಟು, ಓದಿದೆ.

"ಕಣ್ಣು, ಹಲ್ಲು ಇದರಲ್ಲಿ ಬರುವುದಿಲ್ಲ ಕಾಕಾ."
"ಹಲ್ಲು ಹೋಗಲಿ. ದಾರ ಕಡಿಯಲು ಕತ್ತರಿ ಉಂಟು.
ಕಣ್ಣನ್ನೂ ಬಿಟ್ಟರೆ
ನನ್ನಲ್ಲಿ ವಿಮೆ ಮಾಡುವುದು ಎಂತದನ್ನು?"

ಕೊನೆಯ ಚೌಕ:
ಮೇಲಿನ ವಿವರಗಳೆಲ್ಲ ಸತ್ಯವೆಂದು ಘೋಷಿಸುತ್ತೇನೆ.
ನನ್ನ ಬೆರಳು ನಿಂತಿತು.
ಆ ಮೂರನ್ನು ಎಳೆದರೆ
ಲೈಸನ್ಸು, ಬ್ಯಾಂಕು, ಅಂಗಡಿಯ ಕರಾರು, ಹತ್ತಾರು ವೀಸಾದ ಮುದ್ರೆ,
ಇಡೀ ನಲವತ್ತನಾಲ್ಕು
ಸಡಿಲ ಕಾಜಿನ ಹಾಗೆ ಬಿಚ್ಚಿಹೋಗುತ್ತದೆ.
ಅವರ ಮುಖ ನೋಡಿದೆ. ಅವರು ಪ್ರಿಂಟರನ್ನು ನೋಡುತ್ತಿದ್ದರು.
"ಪಾಸ್‌ಪೋರ್ಟಿನಲ್ಲಿ ಇದ್ದದ್ದೇ ಸತ್ಯ. ಒತ್ತು."

ಒತ್ತಿದೆ.
ಓಟಿಪಿ ಬಂತು. ಫೋನನ್ನು ಮೊಳದುದ್ದ ದೂರ ಹಿಡಿದು
ಒಂದೊಂದೇ ಅಂಕೆ ಓದಿದರು,
ಏಳನ್ನು ಒಂದೆಂದು, ಮತ್ತೆ ಏಳೆಂದು.
ನೋಟುಗಳನ್ನು ಮೂರು ಸಲ ಎಣಿಸಿದರು.
ಐನೂರು ಕಡಿಮೆ ಬಿತ್ತು. ಶುಕ್ರವಾರ ಕೊಡಿ ಅಂದೆ.
ಅವರು ಬೇಡ ಅನ್ನಲಿಲ್ಲ, ಥ್ಯಾಂಕ್ಸ್ ಕೂಡ ಅನ್ನಲಿಲ್ಲ.

ಬಿಸಿ ಕಾಗದ ಮಡಚಿ ಜೇಬಿಗಿಟ್ಟು
ಬಾಗಿಲ ತನಕ ಹೋದವರು ತಿರುಗಿದರು,
ನನ್ನ ತೋಳಿನ ಅಂಚಿನ ಮೇಲೆ ಕಣ್ಣು.
"ಹೊಲಿಗೆ ಬಿಟ್ಟಿದೆ. ನಾಳೆ ತಾ.
ಒಳಗೆ ಬಟ್ಟೆ ಉಂಟಾ ನೋಡ್ತೇನೆ."